ನಾಯಿ ಕಚ್ಚಿದರೆ ಮಾಲೀಕರ ಮನೆಯ ಚಹಾ ಕುಡಿಯಬೇಡಿ

ಧಾರವಾಡ, ಹುಬ್ಬಳ್ಳಿ ಕಡೆ ಬೆಳಗ್ಗೆ ಸೈಕಲ್ ಹೊಡೆಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಾಕಿದ ನಾಯಿ ನಿಮ್ಮನ್ನು ಕಚ್ಚಿದರೆ ಆ ಮನೆಯ ಗೇಟು ಬಿಟ್ಟು ಕದಲುವ ಮೊದಲೇ ಎಲ್ಲ ಮುಗಿಸಿಕೊಳ್ಳಿ. ನಾಯಿಯ ಫೋಟೊ, ಮನೆಯ ಫೋಟೊ, "ಇದು ನಮ್ಮ ನಾಯಿ" ಅಂತ ಮಾಲೀಕರು ಹೇಳುವ ವಿಡಿಯೊ. ಎಲ್ಲ ಅಲ್ಲೇ, ಆಗಲೇ. ಮನೆಗೆ ಹೋಗಿ ಮಾತಾಡೋಣ, ಸಂಜೆ ಫೋನ್ ಮಾಡ್ತೀನಿ ಅಂದರೆ ಕೇಳಬೇಡಿ. ಸಂಜೆಯಾಗುವುದರೊಳಗೆ ಆ ನಾಯಿಗೆ ಮಾಲೀಕರೇ ಇರುವುದಿಲ್ಲ.

ನನ್ನನ್ನು ಕಚ್ಚಿದ ನಾಯಿಯ ಮಾಲೀಕರ ಹೆಸರು, ಬಡಾವಣೆಯ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಅದರ ದಾರಿಯಲ್ಲಿ ನಡೆಯಲಿ. ಗೋವಾ ರಸ್ತೆಯಲ್ಲಿ ಕೆಲಗೇರಿ ಕೆರೆಯ ಆಚೆ, ಹೊಸ ಮನೆಗಳಾಗಿರುವ ಕಡೆ ಅಂದರೆ ಸಾಕು. ಆ ಕಡೆ ಹೋಗುವವರಿಗೆ ಗೊತ್ತಾಗುತ್ತದೆ.

ಬೀದಿ ನಾಯಿಗಳ ಜೊತೆ ನಮಗೆಲ್ಲ ಒಂದು ಒಪ್ಪಂದ ಇದೆ ಅಲ್ವಾ? ಅವು ತಮ್ಮ ಓಣಿ ಮುಗಿಯುವವರೆಗೆ ಬೆನ್ನು ಹತ್ತುತ್ತವೆ, ಆಮೇಲೆ ನಿಲ್ಲುತ್ತವೆ. ನಾವು ಪೆಡಲ್ ನಿಲ್ಲಿಸಿ, ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು "ಹಚಾ!" ಅಂತ ಜೋರಾಗಿ ಕೂಗಿದರೆ ಮುಕ್ಕಾಲು ಪಾಲು ನಾಯಿಗಳಿಗೆ ಆಸಕ್ತಿಯೇ ಹೋಗುತ್ತದೆ. ಕಲ್ಲು ಎತ್ತುವ ಹಾಗೆ ಬಗ್ಗಿದರೆ ಉಳಿದವೂ ಹಿಂದೆ ಸರಿಯುತ್ತವೆ. ಜೋರಾಗಿ ತುಳಿದು ಪಾರಾಗೋಣ ಅಂತ ಹೋದರೆ ಕೆಲಸ ಕೆಡುತ್ತದೆ, ಓಡುವುದು ಕಂಡರೆ ನಾಯಿ ಅಟ್ಟಲೇಬೇಕು. ಒದೆಯಲು ಹೋದರಂತೂ ಬ್ಯಾಲೆನ್ಸ್ ತಪ್ಪಿ ನಾವೇ ಕೆಳಗೆ. ಇದೆಲ್ಲ ನನಗೆ ಗೊತ್ತಿತ್ತು, ಹಾಗೇ ಮಾಡಿಕೊಂಡು ಬಂದಿದ್ದೆ. ಈ ನಾಯಿ ಅದಕ್ಕೆಲ್ಲ ಸಮಯವನ್ನೇ ಕೊಡಲಿಲ್ಲ. ತೆರೆದ ಗೇಟಿನಿಂದ ಬಾಣದ ಹಾಗೆ ಬಂತು. ಬೊಗಳಲೂ ಇಲ್ಲ. ಮುಂದಿನ ಚಕ್ರಕ್ಕೆ ಅಡ್ಡ ಬಂತು, ನಾನು ಬಲಗಡೆ ಬಿದ್ದೆ. ಏಳುವಷ್ಟರಲ್ಲಿ ಮೀನಖಂಡಕ್ಕೆ ಬಾಯಿ ಹಾಕಿತ್ತು.

ಒಳಗಿನಿಂದ ಯಜಮಾನರು ಓಡಿ ಬಂದರು. ಓಡಿ ಬರುತ್ತಲೇ ಕೂಗುತ್ತಿದ್ದರು: "ಏನೂ ಮಾಡೂದಿಲ್ರಿ ಅದು! ಏನೂ ಮಾಡೂದಿಲ್ರಿ! ರಾಜಾ, ಏ ರಾಜಾ!"

ಏನೂ ಮಾಡೂದಿಲ್ಲವಂತೆ. ಕಾಲಿನಲ್ಲಿ ಹಲ್ಲು ಇಳಿದಿವೆ, ರಕ್ತ ಸಾಕ್ಸಿಗೆ ಇಳಿಯುತ್ತಿದೆ, ಇವರು ಏನೂ ಮಾಡೂದಿಲ್ಲ ಅಂತಿದ್ದಾರೆ. ನಾಯಿ ಸಾಕಿದವರೆಲ್ಲ ಈ ಒಂದು ಮಾತನ್ನು ಎಲ್ಲಿ ಕಲಿಯುತ್ತಾರೋ ಗೊತ್ತಿಲ್ಲ.

ಆದರೆ ಆಮೇಲೆ ನಡೆದುಕೊಂಡ ರೀತಿ ಎಷ್ಟು ಚೆನ್ನಾಗಿತ್ತು ಗೊತ್ತಾ? ಕುರ್ಚಿ ಹಾಕಿದರು. ನಲ್ಲಿ ತೋರಿಸಿದರು. ಅವರ ಮನೆಯವರು ಒಂದು ಹಿಡಿ ಅರಿಶಿಣ ತಂದರು. ಅಕ್ಕಾರ, ಅದು ಬೇಡ, ಸೋಪು ಕೊಡ್ರಿ ಅಂದೆ. ಹರಿಯುವ ನೀರು, ಸೋಪು, 15 ನಿಮಿಷ. ಅರಿಶಿಣ, ಸುಣ್ಣ, ಖಾರದ ಪುಡಿ ಯಾವುದೂ ಹಚ್ಚಬಾರದು. ಅವರಿಗೆ ಸ್ವಲ್ಪ ಬೇಜಾರಾಯಿತು ಅನ್ನಿಸಿತು, ಆದರೂ ಬಟ್ಟೆ ಸೋಪು ತಂದುಕೊಟ್ಟರು. ಆಮೇಲೆ ಚಹಾ ಬಂತು. ನಾನು ಕುಡಿದೆ.

ಚಹಾ ಕುಡಿಯುತ್ತಾ ಅವರು ಹೇಳಿದ್ದನ್ನು ಇಲ್ಲಿ ಹಾಗೇ ಬರೆಯುತ್ತೇನೆ, ಯಾಕೆಂದರೆ ಮುಂದೆ ಬೇಕಾಗುತ್ತದೆ. "ಮುಧೋಳ ನಾಯಿ ತಮ್ಮಾ, ಅದೂ ಅಸಲಿ. ಓಡೂದು ಕಂಡ್ರ ಬಿಡಂಗಿಲ್ಲ, ರಕ್ತದಾಗ ಬಂದೈತಿ ಅದಕ್ಕ." ನಿಜವೇ. ಮುಧೋಳ ಬೇಟೆ ನಾಯಿ, ವಾಸನೆಗಿಂತ ಕಣ್ಣಿನಿಂದ ಬೇಟೆ ಹಿಡಿಯುವ ಜಾತಿ. ಉದ್ದ ಮುಖ, ಸಣ್ಣ ಸೊಂಟ, ಉದ್ದ ಕಾಲು. ಇದೂ ಹಾಗೇ ಇತ್ತು. "ಅಂಚೆ ಇಲಾಖೆಯವ್ರು ಸ್ಟಾಂಪ್ ಮಾಡ್ಯಾರ ಇದರದು, ಮಿಲಿಟರಿಗೂ ಒಯ್ದಾರ" ಅಂತಲೂ ಹೇಳಿದರು. ಅದೂ ಸುಳ್ಳಲ್ಲ, 2005ರಲ್ಲಿ ಮುಧೋಳ ನಾಯಿಯ ಅಂಚೆಚೀಟಿ ಬಂದಿದೆ. ನನ್ನ ಕಾಲಿಗೆ ಬಟ್ಟೆ ಸುತ್ತಿಕೊಂಡು ನಾನು ಅವರ ನಾಯಿಯ ಹಿರಿಮೆ ಕೇಳುತ್ತಾ ಕುಳಿತಿದ್ದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಖರ್ಚಿನ ಮಾತು ನಾನು ತೆಗೆಯಲಿಲ್ಲ, ಅವರೇ ತೆಗೆದರು. "ದವಾಖಾನಿದು, ಸೈಕಲ್ಲಿಂದು, ಎಲ್ಲಾ ಖರ್ಚು ನಂದು. ನೀ ಚಿಂತಿ ಮಾಡಬ್ಯಾಡ ತಮ್ಮಾ. ಇದ್ದೂರಾಗ ಇರಾವ್ರು ನಾವು, ಪೊಲೀಸ್ ಗಿಲೀಸ್ ಅಂತ ಯಾಕ?" ಪಕ್ಕದ ಮನೆಯ ಹಿರಿಯರೊಬ್ಬರೂ ಕಂಪೌಂಡ್ ಮೇಲಿಂದ ತಲೆ ಹಾಕಿ, "ಹೌದ್ರಿ, ಅವ್ರು ಮಾತಿನ ಮನಿಶಾ" ಅಂದರು. ನಾಯಿಗೆ ಇಂಜೆಕ್ಷನ್ ಆಗಿದೆಯಾ ಅಂತ ಕೇಳಿದೆ. "ಎಲ್ಲಾ ಆಗೈತಿ. ಕಾರ್ಡ್ ಐತಿ. ಈಗ ವಾಟ್ಸಾಪ್ ಮಾಡ್ತೀನಿ ನೋಡು." ನಾನು ಅಲ್ಲಿರುವಾಗಲೇ ಕಾರ್ಡಿನ ಫೋಟೊ ಬಂತು. ಅವರ ವಾಟ್ಸಾಪ್ ಫೋಟೊದಲ್ಲಿ ಅವರೇ ಆ ನಾಯಿಯ ಕುತ್ತಿಗೆಗೆ ಕೈ ಹಾಕಿಕೊಂಡು ನಿಂತಿದ್ದರು. ಇಷ್ಟು ಖುಲ್ಲಂಖುಲ್ಲಾ ಇರುವವರ ಮೇಲೆ ಯಾರು ಅನುಮಾನಪಡುತ್ತಾರೆ ಹೇಳಿ?

ಅಲ್ಲಿಂದ ಸೀದಾ ಸಿವಿಲ್ ಆಸ್ಪತ್ರೆಗೆ ಹೋದೆ. ಚೀಟಿ ಮಾಡಿಸಿ ಸಾಲಿನಲ್ಲಿ ನಿಂತೆ. ಸಿಸ್ಟರ್ ಕೇಳಿದರು, ಸಾಕಿದ ನಾಯಿಯೋ ಬೀದಿ ನಾಯಿಯೋ ಅಂತ. ಸಾಕಿದ್ದು ಸಿಸ್ಟರ್, ಲಸಿಕೆ ಆಗಿದೆ, ಕಾರ್ಡೂ ಇದೆ ಅಂತ ನಾನು ದೊಡ್ಡದಾಗಿ ಫೋನ್ ತೆಗೆದು ತೋರಿಸಿದೆ. ಅವರು ಫೋಟೊ ದೊಡ್ಡದು ಮಾಡಿ ನೋಡಿದರು. ಮತ್ತೆ ನೋಡಿದರು.

"ನಾಯಿ ಹೆಸರೇನ್ ಅಂದ್ರಿ?"

"ರಾಜಾ."

"ಇದರಾಗ ಹೆಣ್ಣು ಅಂತ ಬರದೈತಲ್ರಿ. ಲ್ಯಾಬ್ರಡಾರ್. ಹೆಸರು ಜೂಲಿ."

ನನ್ನ ಹಿಂದೆ ನಿಂತಿದ್ದ ಒಬ್ಬರು, "ರಾಜಾ ಅಲ್ರಿ, ರಾಣಿ ಕಚ್ಚೈತಿ ನಿಮಗ" ಅಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಮಗುವನ್ನು ಎತ್ತಿಕೊಂಡು ನಿಂತಿದ್ದ ತಾಯಿಯೂ ನಕ್ಕಳು. ನಾನೂ ನಗುವ ಹಾಗೆ ಮಾಡಿದೆ. ಹೊಟ್ಟೆಯೊಳಗೆ ಏನೋ ಇಳಿದಂತಾಯಿತು. ಲಸಿಕೆ ಹಾಕಿದ ಕಡೆಯ ತಾರೀಖು ನೋಡಿದರೆ ಅದೂ ಎರಡು ವರ್ಷ ಹಳೆಯದು. ಯಾವುದೋ ಹಳೆಯ ನಾಯಿಯ ಕಾರ್ಡು. ನಾನು ಅವರ ಅಂಗಳದಲ್ಲಿ ಕುಳಿತಿರುವಾಗಲೇ, ನನ್ನ ಎದುರಿಗೇ, ಬೇರೆ ನಾಯಿಯ ಕಾರ್ಡು ಹುಡುಕಿ ಕಳಿಸಿದ್ದರು! ಅಷ್ಟು ಸಮಾಧಾನವಾಗಿ. ಬಿಸ್ಕತ್ ತಗೋ ತಮ್ಮಾ ಅನ್ನುತ್ತಾ.

ಸಿಸ್ಟರ್ ಹೇಳಿದ್ದು ಎಲ್ಲರಿಗೂ ಗೊತ್ತಿರಲಿ. ಕಾರ್ಡು ಸರಿಯಿದ್ದರೂ ಇಲ್ಲದಿದ್ದರೂ ಕಚ್ಚಿಸಿಕೊಂಡವರು ಲಸಿಕೆ ಶುರು ಮಾಡಲೇಬೇಕು, ಯಾರದ್ದೋ ಮಾತು ನಂಬಿ ಬಿಡಬಾರದು. ಹಲ್ಲು ಇಳಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಅನ್ನುವ, ರೇಬಿಸ್ ವೈರಸ್ಸನ್ನು ಅಲ್ಲೇ ತಡೆಯುವ ಇಂಜೆಕ್ಷನ್ ಕೂಡ ಹಾಕುತ್ತಾರೆ. ಅದು ನೋಯುತ್ತದೆ, ಸುಳ್ಳು ಯಾಕೆ ಹೇಳಲಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಶುರು ಮಾಡಿದ ದಿನ, ಆಮೇಲೆ 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನ ಇನ್ನೊಂದು. ಕಚ್ಚಿದ ನಾಯಿಯ ಮೇಲೆ 10 ದಿನ ಕಣ್ಣಿಟ್ಟಿರಬೇಕು. ಅಷ್ಟು ದಿನ ಅದು ಆರೋಗ್ಯವಾಗಿದ್ದರೆ ಕಚ್ಚಿದಾಗ ಅದಕ್ಕೆ ರೇಬಿಸ್ ಇರಲಿಲ್ಲ ಅಂತ ಅರ್ಥ. ರೇಬಿಸ್ ಲಕ್ಷಣ ಶುರುವಾದ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂಬಷ್ಟು ಕಡಿಮೆ. ಅಂದರೆ ಆ 10 ದಿನ ನಾಯಿ ಕಣ್ಣಿಗೆ ಕಾಣಿಸುವುದು ನನಗೆ ಎಷ್ಟು ಮುಖ್ಯ ನೋಡಿ.

ಸಂಜೆ ಫೋನ್ ಮಾಡಿದೆ. ಕಾರ್ಡಿನ ಬಗ್ಗೆ ಕೇಳಿದೆ. "ಹೌದೇನು? ಅದು ಬ್ಯಾರೇದು ಬಂದಿರಬೇಕು, ನಾಳೆ ಹುಡುಕಿ ಕಳಸ್ತೀನಿ ತಮ್ಮಾ." ಮರುದಿನ ಕಾರ್ಡು ಬರಲಿಲ್ಲ. ಗುಲಾಬಿ ಹೂವಿನ ಶುಭೋದಯ ಬಂತು. ನಿಜವಾಗಿಯೂ! ನಾನು ಕಾರ್ಡು ಅಂತ ಕೇಳಿದರೆ ಶುಭೋದಯ, ಸೈಕಲ್ ರಿಪೇರಿ ಚೀಟಿ ಕಳಿಸಿದರೆ ಶುಭೋದಯ. ಹಿಂದಿನ ಗೇರಿನ ಹ್ಯಾಂಗರ್ ಬಾಗಿತ್ತು, ಬ್ರೇಕ್ ಲಿವರ್ ಮುರಿದಿತ್ತು, ಮುಂದಿನ ಚಕ್ರ ಅಲುಗುತ್ತಿತ್ತು. ಎರಡು ಸಾವಿರದ ಚಿಲ್ಲರೆ. ಅವರ ಮನೆಯ ಮುಂದೆ ನಿಂತಿರುವ ಕಾರು ನೋಡಿದರೆ ಅದು ದೊಡ್ಡ ದುಡ್ಡೇ ಅಲ್ಲ.

ಕಡೆಗೆ ನಾನೇ ಹೋದೆ. ನಾಯಿ ಇರಲಿಲ್ಲ. "ಹೊಲಕ್ಕ ಕಳಿಸೀವಿ" ಅಂದರು. ಯಾವ ಹೊಲ, ಯಾವ ಊರು ಅಂದರೆ ಉತ್ತರ ಇಲ್ಲ. 10 ದಿನ ನೋಡಬೇಕ್ರಿ ಕಾಕಾ, ಡಾಕ್ಟರ್ ಹೇಳಿದ್ದಾರೆ ಅಂದೆ. ಆಗ ಅವರ ಮಗ ಹೊರಗೆ ಬಂದ. ನನಗಿಂತ ಸಣ್ಣವನು. "ನೀವು ಯಾಕ ಹೆಲ್ಮೆಟ್ ಹಾಕ್ಕೊಂಡ್ ಬರ್ತೀರಿ? ನಾಯಿ ಹೆಲ್ಮೆಟ್ ನೋಡಿದ್ರ ಅಂಜತಾವು. ಮ್ಯಾಲ ಕಲರ್ ಕಲರ್ ಅಂಗಿ." ಅಂದರೆ ತಪ್ಪು ನನ್ನ ಅಂಗಿಯದ್ದು. ಹಾಗಾದರೆ ಗೇಟಿಗೆ ಚಿಲಕ ಯಾಕೆ ಇಟ್ಟಿದ್ದಾರೆ ಅಂತ ಕೇಳಿದೆ. ಅಲ್ಲಿಗೆ ಮಾತಿನ ಧಾಟಿಯೇ ಬದಲಾಯಿತು. ಅಷ್ಟು ದಿನ ತಮ್ಮಾ, ತಮ್ಮಾ ಅನ್ನುತ್ತಿದ್ದ ಮನುಷ್ಯ ಹೇಳಿದ್ದು ಇದು:

"ನೀವು ಯಾರ್ರಿ? ಯಾವ ನಾಯಿ? ಅದು ಬೀದಿ ನಾಯಿ. ನಾವು ಪಾಪ ಅಂತ ಅನ್ನ ಹಾಕ್ತಿದ್ವಿ ಅಷ್ಟ. ಕಾರ್ಪೊರೇಶನ್ನಿನವ್ರನ್ನ ಕೇಳ್ರಿ, ಹೋಗ್ರಿ."

ಅಸಲಿ ಮುಧೋಳ ಹೋಗಿ ಲ್ಯಾಬ್ರಡಾರ್ ಆಯಿತು. ಲ್ಯಾಬ್ರಡಾರ್ ಹೋಗಿ ಬೀದಿ ನಾಯಿ ಆಯಿತು. ಸ್ಟಾಂಪಿನಲ್ಲಿದ್ದ ನಾಯಿ, ಮಿಲಿಟರಿಗೆ ಒಯ್ದ ನಾಯಿ, ದುಡ್ಡು ಕೊಡುವ ಹೊತ್ತಿಗೆ ಅನಾಥ. ಅದರ ಕುತ್ತಿಗೆಯಲ್ಲಿ ಬೆಲ್ಟಿನ ಗುರುತು ಕೂದಲು ಸವೆದು ಬಿಳಿಯಾಗಿತ್ತು, ನಾನು ನೋಡಿದ್ದೇನೆ. ಪಾಲಿಕೆಯವರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಬಿಟ್ಟ ಬೀದಿ ನಾಯಿಯಾದರೆ ಕಿವಿಯ ತುದಿ ಕತ್ತರಿಸಿರುತ್ತಾರೆ. ಇದರ ಎರಡೂ ಕಿವಿ ಪೂರ್ತಿ ಇದ್ದವು. ನಾನು ಇನ್ನೂ ಗೇಟಿನಲ್ಲಿರುವಾಗಲೇ ವಾಟ್ಸಾಪಿನ ಫೋಟೊ ಬದಲಾಯಿತು. ನಾಯಿ ಹೋಗಿ ದೇವರು ಬಂದ. ಮಾತಿನ ಮನುಷ್ಯ ಅಂದಿದ್ದ ಪಕ್ಕದ ಮನೆಯ ಹಿರಿಯರು ಗಿಡಕ್ಕೆ ನೀರು ಹಾಕುತ್ತಿದ್ದರು. ನನ್ನ ಕಡೆ ತಿರುಗಲೂ ಇಲ್ಲ.

ನಾಯಿ ಸಿಗದ ಕಾರಣ ಎಲ್ಲ ಡೋಸ್ ಹಾಕಿಸಿಕೊಂಡೆ. ಆ 10 ದಿನ ನಿದ್ದೆ ಹೇಗೆ ಬಂತು ಅಂತ ಕೇಳಬೇಡಿ. ಗಂಟಲು ಸ್ವಲ್ಪ ಕೆರೆದರೂ ಭಯ. ನೀರು ಕುಡಿದು ಕುಡಿದು ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ. ಮನೆಯಲ್ಲಿ ನಗುತ್ತಿದ್ದರು.

ಕಾನೂನು ಇಲ್ಲ ಅಂತ ತಿಳಿಯಬೇಡಿ. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದಕ್ಕೇ ಇದೆ. ತನ್ನ ಹತ್ತಿರ ಇರುವ ಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದೆ ಅಸಡ್ಡೆ ಮಾಡಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ಐಪಿಸಿಯಲ್ಲಿ ಇದು 289ನೇ ಕಲಂ, ದಂಡ ಬರೀ 1,000 ಇತ್ತು. ಆದರೆ ಕಲಂ ಇದ್ದರೆ ಸಾಲದು, ನಾಯಿ ಅವರದ್ದೇ ಅಂತ ನಾವು ತೋರಿಸಬೇಕು. ಅದಕ್ಕೇ ಅವರು ಅಷ್ಟು ಅರ್ಜೆಂಟಾಗಿ ನಾಯಿಯನ್ನು ಅನಾಥ ಮಾಡಿದ್ದು. ಅದಕ್ಕೇ ನಾನು ಫೋಟೊ, ವಿಡಿಯೊ ಅಂತ ಬಡಕೊಳ್ಳುತ್ತಿರುವುದು. ಆಸ್ಪತ್ರೆಯ ಚೀಟಿಯಲ್ಲಿ "ಸಾಕು ನಾಯಿ ಕಡಿತ" ಅಂತ ಬರೆಸಿಕೊಳ್ಳಿ. ಹೆಲ್ಮೆಟ್ಟಿಗೆ ಕ್ಯಾಮೆರಾ ಇರುವವರು ಪುಣ್ಯವಂತರು. ಮತ್ತೆ, ಮನೆ ಮುಂದೆ ಜನ ಸೇರಿ ಸಮಾಧಾನ ಮಾಡುವಾಗ ನಾಚಿಕೊಳ್ಳಬೇಡಿ. ನಾಚಿಕೊಳ್ಳಬೇಕಾದವರು ನಾವಲ್ಲ.

ನನ್ನ ಕಥೆಯಲ್ಲಿ ಒಂದೇ ಒಂದು ಒಳ್ಳೆಯದಾಯಿತು, ಅದೂ ಅವರ ಮಗನ ಉಪಕಾರ. ಠಾಣೆಗೆ ಹೋಗುತ್ತೇನೆ ಅಂತ ನಾನು ಮೆಸೇಜ್ ಹಾಕಿದ ರಾತ್ರಿ, ಅಪ್ಪನ ಫೋನಿನಿಂದಲೇ ಅವನು ಬರೆದ. "ನೀವು ಸೈಕಲ್ ಹಾಯಿಸಿ ನಮ್ಮ ರಾಜಾನ ಕಾಲಿಗೆ ಪೆಟ್ಟು ಮಾಡೀರಿ. ನಮ್ಮ ನಾಯಿ ಡಾಕ್ಟರ್ ಬಿಲ್ ಯಾರ್ ಕೊಡ್ತಾರ? ಮೊದಲ ಅದನ್ನ ಹೇಳ್ರಿ." ಕೆಳಗೆ ನಾಯಿಯ ಕಾಲಿನ ಫೋಟೊ. ಅವರದೇ ಅಂಗಳ, ಅದೇ ಕುರ್ಚಿ.

ಬೆಳಗಾಗುವುದರೊಳಗೆ ಅಳಿಸಿದ್ದರು. ನಾನು ರಾತ್ರಿಯೇ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೆ. ಪ್ರಿಂಟ್ ತೆಗೆಸಿ, ಜೂಲಿಯ ಕಾರ್ಡಿನ ಜೊತೆ ದೂರಿಗೆ ಅಂಟಿಸಿ, ಸ್ವೀಕೃತಿ ಇಸಿದುಕೊಂಡು ಬಂದಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ. ನಾಯಿ ಮಾತ್ರ ಹೊಲದಿಂದ ವಾಪಸ್ ಬಂದಿದೆ, ನಿನ್ನೆ ಗೆಳೆಯನೊಬ್ಬ ನೋಡಿದ. ಕೆರೆ ದಾಟಿದ ಮೇಲೆ ಎಡಗಡೆಯ ಗೇಟುಗಳ ಮೇಲೆ ಕಣ್ಣಿಡಿ. ಬೆಳಗ್ಗೆ ಆರೂವರೆಯಿಂದ ಏಳರವರೆಗೆ ಅದನ್ನು ಬಿಟ್ಟಿರುತ್ತಾರೆ.