ಇಂಗ್ಲೆಂಡಿನ ಹೊಸ ಬಡಾವಣೆಯಲ್ಲಿ ಮನೆ ತಗೊಳ್ಳುವ ಮೊದಲು ಎಸ್ಟೇಟ್ ಚಾರ್ಜ್ ಬಗ್ಗೆ ಕೇಳಿ

ಈ ಸಲದ ಯುಗಾದಿ ಕಾರ್ಯಕ್ರಮದಲ್ಲಿ ಸಿಕ್ಕ ಕನ್ನಡದವರಲ್ಲಿ ಮೂರ್ನಾಲ್ಕು ಕುಟುಂಬದವರು ಬ್ರಿಸ್ಟಲ್‌ನ ಉತ್ತರದ ಅಂಚಿನಲ್ಲಿ ಹೊಸ ಮನೆ ಬುಕ್ ಮಾಡುವ ಯೋಚನೆಯಲ್ಲಿದ್ದಾರೆ. ಫಿಲ್ಟನ್ ಕಡೆ ವಿಮಾನದ ಕಂಪನಿಗಳಲ್ಲಿ ಕೆಲಸ, ಮೋಟಾರ್‌ವೇ ಹತ್ತಿರ, ಶಾಲೆ ಹತ್ತಿರ, ಮನೆ ಹಿಂದೆ ಮಕ್ಕಳು ಆಡೋಕೆ ಸ್ವಲ್ಪ ಜಾಗ. ಆಸೆ ಆಗುವುದು ಸಹಜ. ತಗೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಎಸ್ಟೇಟ್ ಚಾರ್ಜ್, ಅಂದರೆ ಬಡಾವಣೆಯ ಪಾರ್ಕು, ರಸ್ತೆ ಇಂಥವನ್ನು ನೋಡಿಕೊಳ್ಳುವ ಖಾಸಗಿ ಮ್ಯಾನೇಜ್‌ಮೆಂಟ್ ಕಂಪನಿಗೆ ಮನೆಯವರು ಕಟ್ಟುವ ಹಣ, ಅದರ ಬಗ್ಗೆ ಪೂರ್ತಿ ತಿಳಿಯದೆ ಸಹಿ ಮಾತ್ರ ಹಾಕಬೇಡಿ.

ನಮ್ಮದು ಫ್ರೀಹೋಲ್ಡ್ ಮನೆ. ಮನೆಯೂ ನಮ್ಮದು, ನೆಲವೂ ನಮ್ಮದು. ಲೀಸ್ ಇಲ್ಲ, ಗ್ರೌಂಡ್ ರೆಂಟ್ (ನೆಲದ ಬಾಡಿಗೆ) ಇಲ್ಲ. ಬಿಲ್ಡರ್ ಕಡೆಯವರು ಸೇಲ್ಸ್ ಆಫೀಸಿನಲ್ಲಿ ಕೂರಿಸಿಕೊಂಡು ಇದನ್ನೇ ಹೇಳಿದರು. ಜೊತೆಗೆ "ಪಾರ್ಕಿನ ಹುಲ್ಲು ಕತ್ತರಿಸೋಕೆ ತಿಂಗಳಿಗೆ ಹತ್ತು ಪೌಂಡ್ ಬರಬಹುದು, ಅಷ್ಟೇ" ಅಂದರು. ಇದು ಏರುತ್ತಾ, ಏರಿದರೆ ಬೇಡ ಅನ್ನುವ ಹಕ್ಕು ನಮಗಿದೆಯಾ ಅಂತ ನನ್ನ ಹೆಂಡತಿ ಅಲ್ಲೇ ಕೇಳಿದಳು. ಎಲ್ಲ ಕಡೆ ಹೀಗೇ ಇರುತ್ತೆ, ತಲೆ ಕೆಡಿಸಿಕೊಳ್ಳಬೇಡಿ ಅಂತ ಉತ್ತರ ಬಂತು. ಬರವಣಿಗೆಯಲ್ಲಿ ಏನೂ ಕೊಡಲಿಲ್ಲ.

ಈಗ ಆ ಚಾರ್ಜ್ ಮೂರು ಪಟ್ಟು ದಾಟಿದೆ. ಬಿಲ್ ಬಿಡಿಸಿ ನೋಡಿದರೆ ಹುಲ್ಲು, ಆಟದ ಜಾಗ, ಮಳೆನೀರು ನಿಲ್ಲಿಸುವ ಕೊಳ, ಇನ್ಶೂರೆನ್ಸ್, ಲೆಕ್ಕ ಪರಿಶೋಧನೆ ಎಲ್ಲಾ ಇದೆ. ಆದರೆ ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಮೊತ್ತ ಮ್ಯಾನೇಜ್‌ಮೆಂಟ್ ಕಂಪನಿಯ ಸ್ವಂತ ಫೀಸು. ಆಟದ ಜಾಗದಲ್ಲಿ ಮುರಿದ ಉಯ್ಯಾಲೆಗೆ ಟೇಪ್ ಸುತ್ತಿಟ್ಟು ಒಂದು ಬೇಸಿಗೆಯೇ ಕಳೆಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ, ಇಮೇಲ್‌ಗೆ ಯಂತ್ರದ ಉತ್ತರ. ಹಣ ಕಟ್ಟುವುದು ಸ್ವಲ್ಪ ತಡವಾದರೆ ಮಾತ್ರ ಪತ್ರ ಬೇಗ ಬರುತ್ತೆ, ಅದಕ್ಕೆ ಬೇರೆ ಫೀಸು. ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದಾರೆ, ಪಿಂಚಣಿ ಬಿಟ್ಟು ಬೇರೆ ಆದಾಯ ಇಲ್ಲ. ಆ ಪತ್ರ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಾಗ ಅವರ ಕೈ ನಡುಗುತ್ತಿತ್ತು. ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಅವತ್ತು.

ಇದರ ಮೇಲೆ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ, ಕಟ್ಟುವ ಕೌನ್ಸಿಲ್ ಟ್ಯಾಕ್ಸ್ ಬೇರೆ. ಅದರಲ್ಲಿ ಒಂದು ಪೆನ್ನಿಯೂ ಕಡಿಮೆ ಇಲ್ಲ. ಪಕ್ಕದ ಹಳೆಯ ಬಡಾವಣೆಯವರು ಕಟ್ಟುವಷ್ಟೇ ನಾವೂ ಕಟ್ಟುತ್ತೇವೆ. ಅವರ ರಸ್ತೆ, ದೀಪ, ಪಾರ್ಕು ಕೌನ್ಸಿಲ್ ನೋಡಿಕೊಳ್ಳುತ್ತೆ. ನಮ್ಮದನ್ನು ನೋಡಿಕೊಳ್ಳೋಕೆ ನಾವೇ ಮತ್ತೆ ದುಡ್ಡು ಕೊಡಬೇಕು. ಆ ಪಾರ್ಕಿಗೆ ಬೇಲಿ ಇಲ್ಲ, ಯಾರು ಬೇಕಾದರೂ ಬಂದು ಕೂರಬಹುದು. ಖರ್ಚು ಮಾತ್ರ ನಮ್ಮದು.

ಯಾಕೆ ಹೀಗೆ ಅಂದರೆ, ಬಿಲ್ಡರ್ ಹಾಕಿದ ರಸ್ತೆಯನ್ನು ಕೌನ್ಸಿಲ್ ವಹಿಸಿಕೊಳ್ಳಬೇಕಾದರೆ ಸಾಮಾನ್ಯವಾಗಿ 1980ರ ಹೈವೇಸ್ ಕಾಯ್ದೆಯ ಸೆಕ್ಷನ್ 38ರ ಕೆಳಗೆ ಒಪ್ಪಂದ ಆಗಬೇಕು. ಒಳಚರಂಡಿಗೆ ನೀರಿನ ಕಂಪನಿ ಜೊತೆ 1991ರ ವಾಟರ್ ಇಂಡಸ್ಟ್ರಿ ಕಾಯ್ದೆಯ ಸೆಕ್ಷನ್ 104 ಒಪ್ಪಂದ. ಒಪ್ಪಂದ ಆದರೂ ರಸ್ತೆಯ ಕೊನೆಯ ಪದರ ಹಾಕಿ ಮುಗಿಸುವವರೆಗೆ ಕೌನ್ಸಿಲ್ ಕೈ ಹಾಕುವುದಿಲ್ಲ. ಬಿಲ್ಡರ್‌ಗೆ ಮನೆಗಳು ಮಾರಾಟ ಆದಮೇಲೆ ಅವಸರ ಇರುವುದಿಲ್ಲ. ಪಾರ್ಕು, ಕೊಳ ಇಂಥವನ್ನು ಕೌನ್ಸಿಲ್‌ಗೆ ಕೊಡದೆ ಖಾಸಗಿ ಕಂಪನಿಗೇ ಒಪ್ಪಿಸುವುದು ಈಗ ರೂಢಿಯಾಗಿದೆ. ಬೆಂಗಳೂರಿನಲ್ಲಿ ಪಾಲಿಕೆಗೆ ಹಸ್ತಾಂತರ ಆಗದ ಖಾಸಗಿ ಲೇಔಟ್‌ನಲ್ಲಿ ಸೈಟ್ ತಗೊಂಡವರಿಗೆ ಈ ಪಾಡು ಬೇಗ ಅರ್ಥ ಆಗುತ್ತೆ. ಅಲ್ಲಿ ಖಾತೆ ಯಾವುದು, ಇಸಿ ಸರಿ ಇದೆಯಾ ಅಂತ ನಾಲ್ಕು ಜನರ ಹತ್ತಿರ ತೋರಿಸಿ ತಗೊಳ್ಳುತ್ತೇವೆ. ಇಲ್ಲೂ ಅಷ್ಟೇ ಅನುಮಾನ ಇಟ್ಟುಕೊಳ್ಳಿ.

ಇದು ನಮ್ಮ ಬಡಾವಣೆಯ ಕಥೆ ಮಾತ್ರ ಅಲ್ಲ. ಮಾರುಕಟ್ಟೆಯಲ್ಲಿ ಪೈಪೋಟಿ ಸರಿಯಾಗಿದೆಯಾ ಅಂತ ನೋಡುವ ಸಿಎಂಎ ಅನ್ನುವ ಸಂಸ್ಥೆ 2024ರ ಫೆಬ್ರವರಿಯಲ್ಲಿ ಮನೆ ಕಟ್ಟುವ ಕಂಪನಿಗಳ ಬಗ್ಗೆ ವರದಿ ಕೊಟ್ಟಿತು. 11 ದೊಡ್ಡ ಬಿಲ್ಡರ್‌ಗಳು 2021–22ರಲ್ಲಿ ಮಾರಿದ ಹೊಸ ಮನೆಗಳಲ್ಲಿ 80% ಮನೆಗಳಿಗೆ ಈ ಚಾರ್ಜ್ ಇತ್ತು, ಸರಾಸರಿ ವರ್ಷಕ್ಕೆ 350 ಪೌಂಡ್ ಅಂತ ಅದರಲ್ಲಿದೆ. ದೊಡ್ಡ ರಿಪೇರಿ ಬಂದರೆ ಸಾವಿರಾರು ಪೌಂಡ್ ಆಗಬಹುದು ಅಂತಲೂ ಹೇಳಿದೆ.

ಇನ್ನೊಂದು ವಿಷಯ ಕೇಳಿದರೆ ನಂಬೋಕೆ ಆಗಲ್ಲ. ಲೀಸ್‌ಹೋಲ್ಡ್ ಫ್ಲ್ಯಾಟ್‌ನವರು, ಅಂದರೆ ಲೀಸ್ ಮೇಲೆ ಮನೆ ಇರುವವರು, ನಿರ್ವಹಣೆಗೆ ಕಟ್ಟುವ ಸರ್ವಿಸ್ ಚಾರ್ಜ್ ಜಾಸ್ತಿ ಆಯಿತು ಅಂತ ಟ್ರಿಬ್ಯುನಲ್‌ಗೆ ಹೋಗಬಹುದು. ಸ್ವಂತ ನೆಲ ಇರುವ ನಮಗೆ ಆ ದಾರಿ ಇರಲಿಲ್ಲ. 2024ರ ಮೇ ತಿಂಗಳಲ್ಲಿ ಬಂದ ಲೀಸ್‌ಹೋಲ್ಡ್ ಅಂಡ್ ಫ್ರೀಹೋಲ್ಡ್ ರಿಫಾರ್ಮ್ ಕಾಯ್ದೆ ಅದನ್ನು ಕೊಡುತ್ತೆ ಅಂದರು, ಆದರೆ ಆ ಭಾಗ ತಕ್ಷಣ ಜಾರಿಗೆ ಬರಲಿಲ್ಲ. ಮನೆ ಪತ್ರದಲ್ಲಿ ಈ ಚಾರ್ಜನ್ನು ರೆಂಟ್‌ಚಾರ್ಜ್, ಅಂದರೆ ಆಸ್ತಿಗೇ ಅಂಟಿಕೊಂಡ ಬಾಕಿ, ಅಂತ ಮಾಡಿದ್ದರೆ ಇನ್ನೂ ಹುಷಾರು. 1925ರ ಆಸ್ತಿ ಕಾಯ್ದೆಯ ಸೆಕ್ಷನ್ 121 ಪ್ರಕಾರ 40 ದಿನ ಬಾಕಿ ಉಳಿದರೆ ಬಾಕಿ ವಸೂಲಿಗೆ ನಮ್ಮ ಮನೆಯನ್ನೇ ಬೇರೆಯವರಿಗೆ ಲೀಸ್‌ಗೆ ಬರೆದುಕೊಡುವ ಅಧಿಕಾರ ಆ ಚಾರ್ಜ್ ಪಡೆಯುವವರಿಗೆ ಸಿಗುತ್ತೆ. ಆ ಸೆಕ್ಷನ್ ಅನ್ವಯಿಸುವುದಿಲ್ಲ ಅಂತ ಪತ್ರದಲ್ಲೇ ಬರೆಸದಿದ್ದರೆ ಎಷ್ಟೋ ಬ್ಯಾಂಕುಗಳು ಸಾಲ ಕೊಡೋಕೆ ಹಿಂಜರಿಯುತ್ತವೆ.

ಬೇಸತ್ತು ಮಾರಿ ಹೋಗೋಣ ಅಂದರೂ ಸುಲಭ ಇಲ್ಲ. ಮಾರುವಾಗ ಬಾಕಿ ಇಲ್ಲ ಅಂತ ಅದೇ ಕಂಪನಿಯಿಂದ ಸರ್ಟಿಫಿಕೇಟ್ ತರಬೇಕು, ಇಲ್ಲದಿದ್ದರೆ ಲ್ಯಾಂಡ್ ರಿಜಿಸ್ಟ್ರಿ ಹೊಸಬರ ಹೆಸರಿಗೆ ಮಾಡಿಕೊಡದ ಹಾಗೆ ನಮ್ಮ ದಾಖಲೆಯಲ್ಲೇ ಷರತ್ತು ಇದೆ. ಅದಕ್ಕೂ ಮಾಹಿತಿ ಕೊಡೋಕೂ ಅವರು ಕೇಳಿದಷ್ಟು ದುಡ್ಡು. ನಮ್ಮ ಎದುರು ಮನೆಯವರಿಗೆ ಕಾಗದ ವಾರಗಟ್ಟಲೆ ಬರಲಿಲ್ಲ. ಕಾದು ಸಾಕಾಗಿ ಕೊಳ್ಳುವವರು ಬೇರೆ ಮನೆ ನೋಡಿಕೊಂಡರು. ಎದುರು ಮನೆಯವರು ಊರಿಗೆ ವಾಪಸ್ ಹೋಗುವವರಿದ್ದರು, ಟಿಕೆಟ್ ಕೂಡ ಆಗಿತ್ತು.

ಆದ್ದರಿಂದ ರಿಸರ್ವೇಶನ್ ದುಡ್ಡು ಕಟ್ಟುವ ಮೊದಲೇ ಕೇಳಿ. ಯಾವ ರಸ್ತೆ ಕೌನ್ಸಿಲ್‌ಗೆ ಹೋಗುತ್ತೆ, ಯಾವುದು ಹೋಗಲ್ಲ ಅಂತ ನಕ್ಷೆಯಲ್ಲಿ ಗುರುತು ಹಾಕಿ ಕೊಡಲು ಹೇಳಿ. ಅದನ್ನು ಕೌನ್ಸಿಲ್‌ನ ಹೈವೇಸ್ ವಿಭಾಗದಲ್ಲೂ ಕೇಳಿ ನೋಡಿ. ಅಂಚಿನಲ್ಲಿ ವಿಳಾಸ ಬ್ರಿಸ್ಟಲ್ ಅಂತಿದ್ದರೂ ಕೌನ್ಸಿಲ್ ಬೇರೆ ಇರಬಹುದು, ಯಾವುದು ಅಂತ ಖಚಿತ ಮಾಡಿಕೊಂಡು ಬರೆಯಿರಿ. ಹೊಸ ಮನೆ ಕೊಳ್ಳುವವರ ರಕ್ಷಣೆಗೆ ಇರುವ ನ್ಯೂ ಹೋಮ್ಸ್ ಕ್ವಾಲಿಟಿ ಕೋಡ್ ಅನ್ನುವ ನಿಯಮಾವಳಿ ಒಪ್ಪಿಕೊಂಡ ಬಿಲ್ಡರ್ ಆದರೆ ಮುಂದಿನ 10 ವರ್ಷಕ್ಕೆ ಇಂಥ ಖರ್ಚು ಎಷ್ಟಾಗಬಹುದು ಅಂತ ಪಟ್ಟಿ ಕೊಡಬೇಕು, ಬುಕ್ ಮಾಡಿದ ಮೇಲೂ ಮನಸ್ಸು ಬದಲಾಯಿಸಲು 14 ದಿನ ಇರುತ್ತೆ. ಆ ದಿನಗಳನ್ನು ಪರದೆ, ಸೋಫಾ ನೋಡುವುದರಲ್ಲಿ ಕಳೆಯಬೇಡಿ.

ವಕೀಲರ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಬಿಲ್ಡರ್ ತೋರಿಸುವ ಸಾಲಿಸಿಟರ್ ಬೇಡ. "ಇವರನ್ನು ಹಿಡಿದರೆ 28 ದಿನದಲ್ಲಿ ಎಲ್ಲಾ ಮುಗಿಯುತ್ತೆ, ಫೀಸಲ್ಲಿ ರಿಯಾಯಿತಿ" ಅಂತ ಆಸೆ ತೋರಿಸುತ್ತಾರೆ. ನಾವು ಹಿಡಿದ ಅಂಥ ಸಾಲಿಸಿಟರ್ ಕಡೆಯಿಂದ ಬಂದ ದಪ್ಪ ವರದಿಯಲ್ಲಿ ಈ ಚಾರ್ಜ್ ಬಗ್ಗೆ ಇದ್ದದ್ದು ಒಂದೇ ಸಾಲು, ಮಿತಿ ಇಲ್ಲ ಅನ್ನುವ ಮಾತೇ ಇರಲಿಲ್ಲ. ನೀವೇ ಹುಡುಕಿ ಒಬ್ಬರನ್ನು ಹಿಡಿಯಿರಿ. ಚಾರ್ಜ್‌ಗೆ ಮೇಲ್ಮಿತಿ ಇದೆಯಾ, ಕಂಪನಿಯನ್ನು ನಿವಾಸಿಗಳು ಬದಲಾಯಿಸಬಹುದಾ, ಸೆಕ್ಷನ್ 121 ತೆಗೆದಿದ್ದಾರಾ ಅಂತ ಅವರಿಂದ ಲಿಖಿತ ಉತ್ತರ ತಗೊಳ್ಳಿ. ಈಗಾಗಲೇ ಬುಕ್ ಮಾಡಿದವರು ನಿಮ್ಮ ಟಿಪಿ1 (ಮನೆಯನ್ನು ನಿಮ್ಮ ಹೆಸರಿಗೆ ವರ್ಗಾಯಿಸುವ ಪತ್ರ) ಕರಡು ಪ್ರತಿ ತರಿಸಿಕೊಂಡು ಎಕ್ಸ್‌ಚೇಂಜ್ ಆಗುವ, ಅಂದರೆ ಖರೀದಿ ಒಪ್ಪಂದ ಕಟ್ಟುನಿಟ್ಟಾಗುವ, ಮೊದಲು ಓದಿ. ಅರ್ಥ ಆಗದ ಕಡೆ ನನಗೆ ಮೆಸೇಜ್ ಮಾಡಿ, ನಮ್ಮ ಪತ್ರ ಪಕ್ಕದಲ್ಲಿಟ್ಟುಕೊಂಡು ಒಟ್ಟಿಗೆ ನೋಡೋಣ.