ಅದುರುವ ಪ್ರೊಪೆಲರ್: ಯಂತ್ರ ಮೊದಲೋ, ಮರದ ತುಂಡು ಮೊದಲೋ?

ಇಂಜಿನ್ 2,300 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ದಾಟಿದರೆ ಸಾಕು, ನಮ್ಮ ಎರಡು ಸೀಟಿನ ವಿಮಾನದಲ್ಲಿ ಮೀಟರ್ ಮುಳ್ಳುಗಳೆಲ್ಲ ನಡುಗುತ್ತಿದ್ದವು. ಪ್ರೊಪೆಲರ್ ಅಲ್ಯೂಮಿನಿಯಂನದು, ಎರಡು ಬ್ಲೇಡು, ಫಿಕ್ಸೆಡ್ ಪಿಚ್ (ಬ್ಲೇಡಿನ ಕೋನ ಬದಲಾಗದ್ದು). ಲೈಸೆನ್ಸ್ ಇರುವ ಇಂಜಿನಿಯರ್ ಜೊತೆ ಸೇರಿ ಮೂರು ದಾರಿ ಹಿಡಿದು ನೋಡಿದೆ. ಹಿಡಿದ ಕ್ರಮವೇ ತಲೆಕೆಳಗಾಗಿತ್ತು.

ಮೊದಲು ಡೈನಾಮಿಕ್ ಬ್ಯಾಲೆನ್ಸಿಂಗ್, ಅಂದರೆ ಪ್ರೊಪೆಲರ್ ತಿರುಗುವಾಗಿನ ಅದುರು ಅಳೆದು ತೂಕ ಸರಿದೂಗಿಸುವುದು. ಅದಕ್ಕೊಂದು ಯಂತ್ರವನ್ನು ಬಾಡಿಗೆಗೆ ತಂದೆವು. ಇಂಜಿನ್ ಮುಂಭಾಗಕ್ಕೆ ಸೆನ್ಸರ್ ಬಿಗಿದು, ಬ್ಲೇಡಿಗೆ ಹೊಳೆಯುವ ಟೇಪ್ ಅಂಟಿಸಿ, ಇಂಜಿನ್ ಓಡಿಸಿದೆವು. ಎಷ್ಟು ಅದುರುತ್ತಿದೆ, ಭಾರ ಯಾವ ಕಡೆ ಜಾಸ್ತಿ ಅಂತ ಯಂತ್ರವೇ ಹೇಳುತ್ತದೆ. ಸ್ಪಿನ್ನರ್ (ಪ್ರೊಪೆಲರ್ ನಡುವಿನ ಚೂಪು ಟೊಪ್ಪಿ) ಹಿಂದಿನ ತಟ್ಟೆಗೆ ವಾಷರ್ ಸೇರಿಸುತ್ತಾ ಹೋದೆವು. ಅದುರುವ ವೇಗ ಸೆಕೆಂಡಿಗೆ 0.4 ಇಂಚು ಇದ್ದದ್ದು 0.06ಕ್ಕೆ ಇಳಿಯಿತು. 0.07ರೊಳಗಿದ್ದರೆ ಚೆನ್ನ ಅಂತ ಲೆಕ್ಕ. (ಶುರುವಿನಲ್ಲೇ ಅದುರು ತೀರಾ ಜಾಸ್ತಿ ಇದ್ದರೆ ವಾಷರ್ ಮುಟ್ಟಲೇಬಾರದು, ಬಿಚ್ಚಿ ನೋಡಬೇಕು.) ಖುಷಿಯಾಯಿತು. ಆದರೆ ಬೇರೆ ವೇಗಕ್ಕೆ ಹೋದರೆ ಮತ್ತೆ ಅದೇ ನಡುಕ. ವಾಷರ್ ಸರಿಮಾಡುವುದು ತೂಕವನ್ನು ಮಾತ್ರ. ಎರಡು ಬ್ಲೇಡು ಗಾಳಿಯನ್ನು ಬೇರೆ ಬೇರೆ ಥರ ಕಡಿಯುತ್ತಿದ್ದರೆ ಅದಕ್ಕೆ ವಾಷರ್ ಮದ್ದಲ್ಲ.

ಆಮೇಲೆ ಹೊಳೆದದ್ದು ಟ್ರ್ಯಾಕ್ ಪರೀಕ್ಷೆ: ಎರಡೂ ಬ್ಲೇಡಿನ ತುದಿ ಒಂದೇ ದಾರಿಯಲ್ಲಿ ಸುತ್ತುತ್ತವೆಯೇ ಅಂತ ನೋಡುವುದು. ಬೇಕಾದದ್ದು ಒಂದು ಮರದ ತುಂಡು, ಒಂದು ಪೆನ್ಸಿಲ್, ಅಷ್ಟೇ. ಮ್ಯಾಗ್ನೆಟೊ (ಇಂಜಿನ್‌ಗೆ ಕಿಡಿ ಕೊಡುವ ಸಾಧನ) ಆಫ್, ಕೀಲಿ ಜೇಬಿನಲ್ಲಿ, ಚಕ್ರಕ್ಕೆ ಅಡ್ಡ, ಪ್ರತಿ ಸಿಲಿಂಡರಿನಿಂದ ಒಂದೊಂದು ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟೆವು. ಇಷ್ಟಾದರೂ ಪ್ರೊಪೆಲರ್ ಯಾವಾಗ ಬೇಕಾದರೂ ತಿರುಗಬಹುದು ಅಂದುಕೊಂಡೇ ನಿಲ್ಲಬೇಕು. ಒಂದು ಬ್ಲೇಡಿನ ತುದಿ ಬರುವ ಜಾಗ ಗುರುತು ಹಾಕಿ, ನಿಧಾನ ತಿರುಗಿಸಿ ಇನ್ನೊಂದನ್ನು ತಂದೆವು. ವ್ಯತ್ಯಾಸ ಸುಮಾರು 3 ಮಿ.ಮೀ. ಈ ಅಳತೆಯ ಲೋಹದ ಪ್ರೊಪೆಲರಿಗೆ 1/16 ಇಂಚು, ಅಂದರೆ 1.6 ಮಿ.ಮೀ. ಮಿತಿ. ಮರದ್ದಾಗಿದ್ದರೆ 1/8 ಇಂಚಿನವರೆಗೂ ನಡೆಯುತ್ತದೆ.

ಬ್ಲೇಡೇ ಬಾಗಿದೆಯೇನೋ ಅಂತ ಎದೆ ಧಸಕ್ಕೆಂದಿತು. ಪ್ರೊಪೆಲರ್ ಬಿಚ್ಚಿದೆವು. ಬಿಚ್ಚಿದ ಮೇಲೆ ಮೂರನೆಯದು, ಸ್ಟ್ಯಾಟಿಕ್ ಬ್ಯಾಲೆನ್ಸ್, ಅಂದರೆ ಇಂಜಿನ್ ಇಲ್ಲದೆ ಬರೀ ಪ್ರೊಪೆಲರಿನ ತೂಕ ಎರಡೂ ಕಡೆ ಸಮವೇ ಅನ್ನುವ ಪರೀಕ್ಷೆ. ಗಾಳಿಯಾಡದ ಕೋಣೆಯಲ್ಲಿ, ಎರಡು ಚೂಪು ಅಂಚಿನ ಮೇಲೆ ಕೂರಿಸಿದರೆ ಯಾವ ಕಡೆಗೂ ವಾಲಲಿಲ್ಲ. ಇದರಿಂದ ಒಂದು ಅನುಮಾನ ಕಳೆಯಿತು, ಅಷ್ಟೇ.

ಕಳ್ಳ ಸಿಕ್ಕಿದ್ದು ಕ್ರ್ಯಾಂಕ್‌ಶಾಫ್ಟಿನ ಫ್ಲ್ಯಾಂಜ್ (ಪ್ರೊಪೆಲರ್ ಕೂರುವ ತಟ್ಟೆ) ಒರೆಸುವಾಗ. ಹಳೆ ಬಣ್ಣದ ಪದರ, ಪಕ್ಕದಲ್ಲೇ ಎದ್ದುನಿಂತ ಲೋಹದ ಒಂದು ಚೂರು. ಬೆರಳಿಗೆ ಸಿಕ್ಕೀತು ಸಿಗದೀತು ಅನ್ನುವಷ್ಟು. ಬುಡದಲ್ಲಿ 0.2 ಮಿ.ಮೀ. ವಾಲಿದರೆ ತುದಿಯಲ್ಲಿ ಅದು ಹಲವು ಪಟ್ಟು ಆಗುತ್ತದಲ್ವಾ!

ಇಂಜಿನಿಯರ್ ಅದನ್ನು ಹದವಾಗಿ ತೆಗೆದು, ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ ತಯಾರಕರು ಹೇಳಿದಷ್ಟೇ ಬಿಗಿದರು. ಟ್ರ್ಯಾಕ್ ವ್ಯತ್ಯಾಸ 1 ಮಿ.ಮೀ. ಒಳಗೆ ಬಂತು. ಹಳೆ ವಾಷರ್‌ಗಳನ್ನೆಲ್ಲ ಕಿತ್ತು, ಬ್ಯಾಲೆನ್ಸಿಂಗ್ ಯಂತ್ರವನ್ನು ಮತ್ತೆ ಕಟ್ಟಿದೆವು. ಬಾಡಿಗೆ ಎರಡು ಸಲ ಕೊಟ್ಟಂತಾಯಿತು. ಈ ಸಲ ಒಂದೇ ವಾಷರ್ ಸಾಕಾಯಿತು.