ಮೊರಾಕ್ಕೊದ ಸಂತೆ ಕ್ಯಾಂಪ್, ಲಕ್ಸರ್‌ನ ಆಸ್ಪತ್ರೆ: ಎರಡೂ ಕಡೆ ಕತ್ತೆಗಳ ಸೇವೆಗೆ ಹೋಗಿ ಬಂದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ದುಡಿಯುವ ಕತ್ತೆ, ಕುದುರೆಗಳ ಸೇವೆಗೆ ಹೊರದೇಶಕ್ಕೆ ಹೋಗಬೇಕು ಅಂತ ನಿಮಗೂ ಆಸೆಯಿದ್ದರೆ, ಒಂದೇ ಊರಲ್ಲಿ ನೆಲೆ ನಿಂತಿರುವ ಆಸ್ಪತ್ರೆಗೆ ಹೋಗಿ. ಊರೂರು ಸುತ್ತುವ ಕ್ಯಾಂಪಿಗೆ ದುಡ್ಡು ಕಟ್ಟಬೇಡಿ. ನಾನು ಮೊದಲು ಕ್ಯಾಂಪಿಗೆ ಕಟ್ಟಿ, ಎರಡು ವರ್ಷ ಬಿಟ್ಟು ಆಸ್ಪತ್ರೆಗೆ ಹೋದವನು. ನಾನು ಪಶುವೈದ್ಯನಲ್ಲ, ಲೆಕ್ಕಪತ್ರ ನೋಡುವವನು. ಈ ಮಾತು ನೆನಪಲ್ಲಿಟ್ಟುಕೊಂಡು ಮುಂದೆ ಓದಿ.

ಮೊರಾಕ್ಕೊಗೆ ಹೋಗಿದ್ದು ಸ್ವಯಂಸೇವಕರನ್ನು ಕಳಿಸುವ ಒಂದು ಏಜೆನ್ಸಿ ಮೂಲಕ. ಎರಡು ವಾರಕ್ಕೆ 1,300 ಯೂರೋ, ವಿಮಾನದ ಖರ್ಚು ಬೇರೆ. ಊಟ, ವಸತಿ, ಓಡಾಟ ಎಲ್ಲ ಸೇರಿದೆ ಅಂದಿದ್ದರು, ಹಾಗೇ ಇತ್ತು. ಅದರಲ್ಲಿ ನನ್ನ ತಕರಾರಿಲ್ಲ.

ಅಲ್ಲಿನ ಹಳ್ಳಿ ಸಂತೆಗೆ ಸೂಕ್ ಅಂತಾರೆ. ಒಂದೊಂದು ಊರಿಗೆ ವಾರದಲ್ಲಿ ಒಂದು ದಿನ. ಕೆಲವು ಊರುಗಳ ಹೆಸರಲ್ಲೇ ಆ ದಿನ ಸೇರಿಕೊಂಡಿದೆ. ಸೂಕ್ ಎಲ್ ಅರ್ಬಾ ಅಂದರೆ ಬುಧವಾರದ ಸಂತೆ. ಸಂತೆಯ ಅಂಚಿನ ಬಯಲಲ್ಲಿ ಕತ್ತೆ, ಹೇಸರಗತ್ತೆಗಳನ್ನು ಸಾಲಾಗಿ ಕಟ್ಟಿರುತ್ತಾರೆ. ನಮ್ಮ ಕ್ಯಾಂಪಿನ ವ್ಯಾನ್ ನಿಲ್ಲುತ್ತಿದ್ದದ್ದು ಅಲ್ಲೇ. ಒಬ್ಬ ಡಾಕ್ಟರು, ಒಬ್ಬ ಸಹಾಯಕ, ನಾವು ಆರು ಜನ ಸ್ವಯಂಸೇವಕರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಂದಷ್ಟು ಪ್ರಾಣಿ ನೋಡುವುದು, ಮಾರನೇ ದಿನ ಬೇರೆ ಸಂತೆ.

ಎಡವಟ್ಟು ಆಗಿದ್ದು ಭಾಷೆಯಲ್ಲಿ. ದುಭಾಷಿ ಜೊತೆಗಿರುತ್ತಾರೆ ಅಂತ ಏಜೆನ್ಸಿ ಬರೆದು ಕೊಟ್ಟಿತ್ತು. ಮೊದಲ ಎರಡು ದಿನ ಒಬ್ಬರು ಬಂದರು, ಆಮೇಲೆ ಪತ್ತೆಯಿಲ್ಲ. ಡಾಕ್ಟರಿಗೆ ಅರಬ್ಬಿ ಬರುತ್ತಿತ್ತು, ನಿಜ. ಆದರೆ ಗುಡ್ಡದ ಕಡೆಯ ಎಷ್ಟೋ ಜನ ಮನೆಯಲ್ಲಿ ಆಡುವುದು ಬರ್ಬರ್ ಭಾಷೆಗಳನ್ನು. ಮೇಲಾಗಿ ಡಾಕ್ಟರು ಒಬ್ಬರೇ. ಅವರು ಒಂದು ಪ್ರಾಣಿಯ ಹಲ್ಲು ನೋಡುವಾಗ, ಉಳಿದವುಗಳ ಮುಂದೆ ನಾವು ಕೈಸನ್ನೆ ಮಾಡುತ್ತಾ ನಿಂತಿರುತ್ತಿದ್ದೆವು.

ಒಂದು ದಿನ ಬೂದಿ ಬಣ್ಣದ ಕತ್ತೆಯೊಂದು ಬಂತು. ಕತ್ತು ಮುಗಿದು ಬೆನ್ನು ಶುರುವಾಗುವ ಕಡೆ, ಹೊರೆಯ ತಡಿ ಕೂರುವ ಜಾಗದಲ್ಲಿ, ನನ್ನ ಅಂಗೈಯಷ್ಟು ಅಗಲದ ಹುಣ್ಣು. ಅಂಚಿನಲ್ಲಿ ಒಣಗಿದ ಕೀವು, ನಡುವೆ ಹಸಿ ಮಾಂಸ. ಅರ್ಧ ಗಂಟೆ ಕೂತು ಉಪ್ಪುನೀರಲ್ಲಿ ತೊಳೆದೆವು, ಸತ್ತ ಚರ್ಮವನ್ನು ಡಾಕ್ಟರು ಬಿಡಿಸಿದರು, ಮುಲಾಮು ಹಚ್ಚಿದೆವು. ಕತ್ತೆ ಕಿವಿ ಹಿಂದಕ್ಕೆ ಮಾಡಿಕೊಂಡು ಸುಮ್ನೆ ನಿಂತಿತ್ತು. ಕೆಲಸ ಮುಗಿದದ್ದೇ ತಡ, ಯಜಮಾನ ಅದೇ ತಡಿಯನ್ನು ಅದೇ ಹುಣ್ಣಿನ ಮೇಲೆ ಹಾಕಿ, ಎರಡು ಮೂಟೆ ಪುದೀನ ಹೇರಿದ. ನಾನು ಬೇಡ ಬೇಡ ಅಂತ ಕೈಯಾಡಿಸಿದೆ. ಆತ ನಗುತ್ತಾ ಎದೆ ಮೇಲೆ ಕೈಯಿಟ್ಟು ಧನ್ಯವಾದ ಹೇಳಿ ಹೊರಟುಹೋದ.

ಆತ ಕೆಟ್ಟವನಲ್ಲ. ಆ ಪುದೀನ ಮಾರದಿದ್ದರೆ ಅವನ ಮನೆ ನಡೆಯುವುದಿಲ್ಲವಲ್ಲ. ಒಂದು ವಾರ ಹೊರೆ ಹಾಕಬೇಡ, ಆಗದಿದ್ದರೆ ತಡಿಯಲ್ಲಿ ಈ ಜಾಗಕ್ಕೆ ಗುಳಿ ಮಾಡು ಅಂತ ಅವನಿಗೆ ಹೇಳುವವರು ಬೇಕಿತ್ತು. ಆ ಒಂದು ಮಾತಿಗೆ ಜನ ಇರಲಿಲ್ಲ. ನಾವು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು. ಮುಂದಿನ ವಾರ ಆ ಸಂತೆಗೆ ನಾವು ಹೋಗಲೂ ಇಲ್ಲ. ಆ ಕತ್ತೆ ಏನಾಯ್ತೋ ಅನ್ನೋದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಏಜೆನ್ಸಿಗೆ ಮೂರು ಸಲ ಬರೆದೆ. ಮೂರನೇ ಸಲ ಒಂದು ಅಭಿಪ್ರಾಯ ಪತ್ರ ತುಂಬಿ ಕಳಿಸಿ ಅಂದರು, ಅಷ್ಟೇ.

ಈಜಿಪ್ಟಿನ ಲಕ್ಸರ್‌ಗೆ ಹೋಗುವಾಗ ಏಜೆನ್ಸಿ ಸಹವಾಸ ಬಿಟ್ಟೆ. ಅಲ್ಲಿನ ಒಂದು ಸಣ್ಣ ಉಚಿತ ಆಸ್ಪತ್ರೆಗೆ ನೇರವಾಗಿ ಪತ್ರ ಬರೆದೆ. ಏನು ಬರುತ್ತೆ, ಏನು ಬರಲ್ಲ, ಎಷ್ಟು ದಿನ ಇರ್ತೀರಿ, ರೇಬಿಸ್ ಮತ್ತು ಧನುರ್ವಾಯು ಲಸಿಕೆ ಆಗಿದೆಯಾ ಅಂತ ಕೇಳಿದರು. ಎರಡು ವಾರ ಅಂದೆ. ಮೂರಾದರೂ ಬೇಕು ಅಂದರು. ಶುಲ್ಕ ಇಲ್ಲ, ಊಟ ವಸತಿ ನಮ್ಮದೇ. ನೈಲ್ ನದಿಯ ಪಶ್ಚಿಮ ದಡದಲ್ಲಿ ಒಂದು ಕೋಣೆ ಹಿಡಿದೆ. ವಿಮಾನದ ಖರ್ಚು ಬಿಟ್ಟರೆ ಮೂರು ವಾರಕ್ಕೆ ಆದದ್ದು ಏಜೆನ್ಸಿಗೆ ಕಟ್ಟಿದ್ದರ ಅರ್ಧಕ್ಕಿಂತ ಕಡಿಮೆ.

ಅಲ್ಲಿ ಡಾಕ್ಟರುಗಳೆಲ್ಲ ಈಜಿಪ್ಟಿನವರೇ. ಯಜಮಾನರ ಹತ್ತಿರ ಮಾತಾಡುವುದು ಅವರ ಕೆಲಸ, ಲದ್ದಿ ಎತ್ತುವುದು ನನ್ನ ಕೆಲಸ. ಲದ್ದಿ ಎತ್ತಿ, ತೊಟ್ಟಿ ತೊಳೆದು ನೀರು ತುಂಬಿಸಿ, ಗೊರಸು ಕೆರೆದು, ಆಮೇಲೆ ಬ್ಯಾಂಡೇಜು. ಸೂಜಿ ಮುಟ್ಟಲು ಬಿಡಲಿಲ್ಲ. ಅದು ಸರಿ. ಮೊರಾಕ್ಕೊದಲ್ಲಿ ಎರಡನೇ ದಿನವೇ ನನ್ನ ಕೈಗೆ ಸಿರಿಂಜು ಕೊಟ್ಟಿದ್ದರು.

ಸುಮಾರು ಅದೇ ಜಾಗದಲ್ಲಿ ಹುಣ್ಣಾದ ಇನ್ನೊಂದು ಕತ್ತೆ ಇಲ್ಲಿಗೂ ಬಂತು. ಮೇವಿನ ಗಾಡಿ ಎಳೆಯುವ ಬಿಳಿ ಕತ್ತೆ. ಅದನ್ನು ಒಳಗೆ ಸೇರಿಸಿಕೊಂಡರು. ಮೊದಲ ದಿನ ಅದು ಮೇವು ಮುಟ್ಟಲಿಲ್ಲ. ನಾನು ಸುಸ್ತಾಗಿರಬೇಕು ಅಂದುಕೊಂಡೆ. ಡಾಕ್ಟರಮ್ಮ ಮಾತ್ರ ಗಾಬರಿಯಾದರು. ಕತ್ತೆ ಊಟ ಬಿಟ್ಟರೆ ಮೈಯೊಳಗಿನ ಕೊಬ್ಬು ಕರಗಿ ರಕ್ತಕ್ಕೆ ಸೇರಿಕೊಳ್ಳುತ್ತದಂತೆ. ಅದು ಜಾಸ್ತಿಯಾದರೆ ಲಿವರ್, ಕಿಡ್ನಿ ಕೆಟ್ಟು ಸತ್ತೇ ಹೋಗಬಹುದು. ಮನೆಯಲ್ಲಿ ಜೊತೆಗಾರ ಕತ್ತೆ ಇದೆಯಾ ಅಂತ ಯಜಮಾನರನ್ನು ಕೇಳಿದರು. ಇದೆ ಅಂದರು. ಸಂಜೆ ಅದನ್ನೂ ಕರೆತಂದರು. ಅದು ಒಳಗೆ ಬಂದು ಇದರ ಕತ್ತಿಗೆ ಮೂತಿ ತಾಗಿಸಿ ನಿಂತಿತು. ಸ್ವಲ್ಪ ಹೊತ್ತಿಗೆ ಎರಡೂ ಒಂದೇ ತೊಟ್ಟಿಯಲ್ಲಿ ಬರ್ಸೀಮ್ ಅನ್ನುವ ಮೇವಿನ ಸೊಪ್ಪು ಮೆಲ್ಲತೊಡಗಿದವು.

ಕತ್ತೆ ನೋವನ್ನು ತೋರಿಸಿಕೊಳ್ಳುವುದಿಲ್ಲ. ಸುಮ್ಮನಿದೆ ಅಂದರೆ ಚೆನ್ನಾಗಿದೆ ಅಂತಲ್ಲ. ಇದನ್ನು ನನಗೆ ಕಲಿಸಿದ್ದು ಆ ಬಿಳಿ ಕತ್ತೆ. ಮೊರಾಕ್ಕೊದ ಬೂದಿ ಕತ್ತೆ ಸುಮ್ನೆ ನಿಂತಿತ್ತು ಅಂದೆನಲ್ಲ, ಅದು ಎಷ್ಟು ನೋವು ತಿಂದಿತ್ತೋ. ನಾಡಿ ನೋಡುವುದನ್ನೂ ಇಲ್ಲೇ ಕಲಿತೆ. ಬೆಳೆದ ಕತ್ತೆಗೆ ನಿಮಿಷಕ್ಕೆ ಸರಾಸರಿ 44, ಮೈ ಬಿಸಿ 37 ಡಿಗ್ರಿ ಆಸುಪಾಸು. ಕುದುರೆಯ ಲೆಕ್ಕ ಹಿಡಿದು ಕತ್ತೆಯನ್ನು ನೋಡಿದರೆ ತಪ್ಪುತ್ತದೆ.

ಬಿಳಿ ಕತ್ತೆ ಹನ್ನೊಂದು ದಿನ ಇತ್ತು. ದಿನಾ ಬೆಳಿಗ್ಗೆ ಗಾಯ ತೊಳೆದೆ. ಅಂಚಿನಿಂದ ಗುಲಾಬಿ ಚರ್ಮ ಒಳಗೊಳಗೆ ಬರುವುದನ್ನು ಕಣ್ಣಾರೆ ಕಂಡೆ. ಮನೆಗೆ ಕಳಿಸುವಾಗ ಡಾಕ್ಟರಮ್ಮ ಯಜಮಾನರನ್ನು ಕೂರಿಸಿಕೊಂಡು, ಗಾಡಿಯ ಪಟ್ಟಿಗೆ ಹಳೇ ಕಂಬಳಿ ಎಲ್ಲಿ ಸುತ್ತಬೇಕು, ಎಲ್ಲಿ ಬಿಡಬೇಕು ಅಂತ ಅವರ ಕೈಯಲ್ಲೇ ಮಾಡಿಸಿದರು. ಮೊರಾಕ್ಕೊದಲ್ಲಿ ಹೇಳಲಾಗದೆ ಉಳಿದದ್ದು ಇದೇ ಮಾತು.

ತಪ್ಪು ಮೊರಾಕ್ಕೊದ್ದಲ್ಲ, ಅದನ್ನೂ ಹೇಳಬೇಕು. ಅದೇ ದೇಶದ ಫೆಸ್‌ನಲ್ಲಿ ಅಮೆರಿಕನ್ ಫೋಂದೂಕ್ ಅನ್ನುವ ಆಸ್ಪತ್ರೆ 1927ರಿಂದ ದುಡಿಯುವ ಪ್ರಾಣಿಗಳಿಗೆ ಉಚಿತ ಚಿಕಿತ್ಸೆ ಕೊಡುತ್ತಿದೆ. ಈಜಿಪ್ಟಿನಲ್ಲಿ ಡೊರೊಥಿ ಬ್ರೂಕ್ ಎಂಬ ಬ್ರಿಟಿಷ್ ಮಹಿಳೆ, ಮೊದಲ ಮಹಾಯುದ್ಧದ ನಂತರ ಬ್ರಿಟಿಷ್ ಸೇನೆ ಮಾರಿಹೋಗಿದ್ದ ಮುದಿ ಕುದುರೆಗಳ ಪಾಡು ನೋಡಲಾರದೆ, 1934ರಲ್ಲಿ ಕೈರೋದಲ್ಲಿ ಆಸ್ಪತ್ರೆ ತೆರೆದರು. ಎರಡೂ ಆಸ್ಪತ್ರೆಗಳು ತಂತಮ್ಮ ಊರಲ್ಲೇ ಬೇರೂರಿದವು.

ಲಕ್ಸರ್‌ನಲ್ಲಿ ಕಷ್ಟ ಇಲ್ಲವೇ? ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ.

ಪಶುವೈದ್ಯ ಓದುತ್ತಿರುವವರಿಗೆ ಸಂತೆ ಕ್ಯಾಂಪ್ ಹಿಡಿಸಬಹುದು, ಒಂದೇ ದಿನ ಹತ್ತಾರು ಥರದ ರೋಗ ನೋಡಲು ಸಿಗುತ್ತದೆ. ನನಗೆ ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ, ಒಂದೇ ಕೆಲಸ ದಿನಾ ಮಾಡಿದರೂ ಬೇಜಾರಿಲ್ಲ, ಕೈಯಲ್ಲಿ ಜಾಸ್ತಿ ದುಡ್ಡಿಲ್ಲ. ನನಗೆ ಲಕ್ಸರ್ರೇ ಸರಿ.

ಈ ನವೆಂಬರಿಗೆ ಮತ್ತೆ ಬರ್ತೀನಿ ಅಂತ ಬರೆದಿದ್ದೇನೆ. ಬರುವಾಗ ಗೊರಸು ಕೆರೆಯುವ ಕೊಕ್ಕೆ ನಾಲ್ಕು, ಅಗಲದ ಬ್ಯಾಂಡೇಜು ಆದಷ್ಟು ತನ್ನಿ ಅಂದಿದ್ದಾರೆ. ಕೊಕ್ಕೆ ಆಗಲೇ ತಂದಿಟ್ಟಿದ್ದೇನೆ.